ಚಂದ ಐತಿ ಅಂದ ಮ್ಯಾಲೆ

ಈ ಸಂಚಿಕೆಯ ನಡುವಿನ ಪುಟಗಳನ್ನು ಗಲಗಲಿ ಮತ್ತು ಸುತ್ತಲಿನ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳ ಹವ್ಯಾಸಿ ಛಾಯಾಗ್ರಾಹಕರಿಗೆ ಬಿಟ್ಟುಕೊಟ್ಟಿದ್ದೇವೆ. ಇವರಲ್ಲಿ ಸಾಲಿ ಮಾಸ್ತರರಿದ್ದಾರೆ, ನೇಕಾರರಿದ್ದಾರೆ, ಕಬ್ಬು ಬೆಳೆಯುವವರು, ಔಷಧಿ ಅಂಗಡಿಯವರು, ಕಾಲೇಜಿಗೆ ಹೋಗುವ ಹುಡುಗಿಯರು ಇದ್ದಾರೆ. ಕ್ಯಾಮೆರಾದಿಂದಲೇ ಹೊಟ್ಟೆ ಹೊರೆಯುವವರು ಒಬ್ಬರೂ ಇಲ್ಲ. ಪ್ರತಿ ಚಿತ್ರದ ಪಕ್ಕದಲ್ಲಿ ಮತ್ತೊಬ್ಬ ಹವ್ಯಾಸಿಯ ನಾಲ್ಕು ಮಾತುಗಳನ್ನು ಅಚ್ಚು ಮಾಡಿದ್ದೇವೆ. ಚಿತ್ರಗಳು ತಾವಾಗಿಯೇ ಬಂದವು. ಆ ನಾಲ್ಕು ಮಾತು ಬರೆಸುವುದಕ್ಕೆ ಮಾತ್ರ ಬಹಳ ದಿನ ಹಿಡಿಯಿತು.

ಮೊದಲ ಸುತ್ತಿನಲ್ಲಿ ಬಂದ ಉತ್ತರಗಳೆಲ್ಲ ಹೆಚ್ಚುಕಡಿಮೆ ಒಂದೇ ತರ. ‘ಭಾರೀ ಬಂದೈತಿ’, ‘ಮಸ್ತ್’, ‘ಕಡಕ್’, ‘ಚಂದ ಐತಿ ಅಣ್ಣಾ’. ಈ ಮಾತುಗಳಲ್ಲಿ ಇರುವ ಪ್ರೀತಿ ಖರೆ. ನಮ್ಮ ಕಡೆ ಮಂದಿ ಒಬ್ಬರ ಕೆಲಸವನ್ನು ಹೊಗಳುವಾಗ ಕೈ ಬಿಗಿ ಹಿಡಿಯುವುದಿಲ್ಲ, ಅದು ದೊಡ್ಡ ಗುಣ. ಆದರೆ ನಸುಕಿನಲ್ಲಿ ಎದ್ದು, ಹೊಳೆಯ ಕೆಸರಿನಲ್ಲಿ ಕಾಲಿಟ್ಟುಕೊಂಡು, ಬೆಳಕು ಬರುವ ತನಕ ಕಾದು ಚಿತ್ರ ತೆಗೆದವನಿಗೂ, ಬಸ್ಸಿನ ಕಿಟಕಿಯಿಂದ ಬಟನ್ ಒತ್ತಿದವನಿಗೂ ಅದೇ ‘ಮಸ್ತ್’ ಸಿಕ್ಕರೆ, ಮೊದಲನೆಯವನು ಮುಂದಿನ ಸಲ ಕಾಯುವುದು ಯಾತಕ್ಕೆ? ಅದಕ್ಕೇ ಉತ್ತರಗಳನ್ನು ಮರಳಿ ಕಳಿಸಿ ಒಂದೇ ಕೋರಿಕೆ ಇಟ್ಟೆವು: ಚಂದ ಐತಿ ಅಂದ ಮ್ಯಾಲೆ ಇನ್ನೊಂದು ವಾಕ್ಯ ಬರೀರಿ.

ಆ ಇನ್ನೊಂದು ವಾಕ್ಯ ಏನು ಮಾಡಬಲ್ಲದು ಎಂಬುದಕ್ಕೆ ಎರಿಹೊಲದ ಜೋಡಿ ಚಿತ್ರವನ್ನು ನೋಡಬೇಕು. ತೆಗೆದವನು ಬೀಳಗಿ ಕಡೆಯ ಒಬ್ಬ ತರುಣ ರೈತ. ಮಳೆ ಬಿದ್ದ ಮರುದಿನ, ಕುಂಟಿ ಹೊಡೆದ ಹೊಲ, ಸಾಲು ಸಾಲಾಗಿ ದೂರದ ಬೇವಿನ ಗಿಡದ ತನಕ ಹೋಗಿದೆ. ನೋಡಿದ ನಿವೃತ್ತ ಮಾಸ್ತರರು ತಪ್ಪು ಹೆಕ್ಕಲು ಹೋಗಲಿಲ್ಲ, ಒಂದು ಪ್ರಶ್ನೆ ಕೇಳಿದರು. “ತಮ್ಮಾ, ಸಾಲು ಭಾಳ ಚಂದ ಹಿಡದೀ. ಆದ್ರ ನಿಮ್ಮ ಹೊಲದ ಮಣ್ಣು ಹಿಂಗ ಬೂದಿ ಬಣ್ಣದ್ದೇನು?” ಹುಡುಗ ಹೇಳಿದ: “ಇಲ್ರಿ ಸರ್, ಅವತ್ತ ಕಾಡಿಗಿ ಹಂಗ ಕರ್ರಗ ಇತ್ರಿ.” “ಹಂಗಾದ್ರ ಅದನ್ನ ತೋರ್ಸು ನಮಗ.”

ಕಾರಣ ಸರಳವಾದದ್ದು. ಕ್ಯಾಮೆರಾದೊಳಗಿನ ಬೆಳಕಿನ ಅಳತೆ ಎದುರಿಗೆ ಇರುವುದನ್ನೆಲ್ಲ ನಡುಬೂದು ಬಣ್ಣದ್ದೆಂದೇ ಎಣಿಸುತ್ತದೆ. ಬಿದ್ದ ಬೆಳಕಿನಲ್ಲಿ ಶೇ. 18ರಷ್ಟನ್ನು ಮರಳಿಸುವ ಬೂದು ಅದಕ್ಕೆ ಹಳೆಯ ಪ್ರಮಾಣ. ಚೌಕಟ್ಟಿನ ತುಂಬ ಕರಿಮಣ್ಣೇ ಇದ್ದರೆ ಕತ್ತಲಾಯಿತೆಂದು ತಿಳಿದು ಬೆಳಕು ಹೆಚ್ಚು ಬಿಡುತ್ತದೆ, ಮಣ್ಣು ಬೂದಿಯಾಗುತ್ತದೆ. ಬಿಳಿ ಧೋತರ, ಅರಳಿದ ಹತ್ತಿ ತುಂಬಿಕೊಂಡರೆ ಬೆಳಕು ಕಡಿಮೆ ಬಿಟ್ಟು ಮಾಸಲು ಮಾಡುತ್ತದೆ. ಕರಿದನ್ನು ಕರಿದಾಗಿಯೇ ಹಿಡಿಯಬೇಕಾದರೆ ಎಕ್ಸ್‌ಪೋಷರನ್ನು ಒಂದು ಸ್ಟಾಪ್‌ನಷ್ಟು ಮೈನಸ್ ಕಡೆಗೆ ಇಳಿಸಬೇಕು. ಮೊಬೈಲಿನಲ್ಲಾದರೆ ಪರದೆಯನ್ನು ಮುಟ್ಟಿ, ಮೂಡುವ ಸೂರ್ಯನ ಗುರುತನ್ನು ಕೆಳಗೆ ಎಳೆದರೆ ಸಾಕು. ಇದನ್ನು ಯಾವ ಪುಸ್ತಕದಲ್ಲಾದರೂ ಓದಬಹುದು. ಹುಡುಗ ಓದಿಯೂ ಇದ್ದನಂತೆ. ಆದರೆ ಅವನ ಕಣ್ಣು ಕಂಡದ್ದಕ್ಕೂ ಅವನ ಚಿತ್ರ ಹೇಳುತ್ತಿದ್ದುದಕ್ಕೂ ನಡುವೆ ಬಿದ್ದಿದ್ದ ಅಂತರ, ಹೊಲದ ಬಣ್ಣ ಕೇಳಿದವರೊಬ್ಬರು ಸಿಕ್ಕಾಗ ಮಾತ್ರ ಅವನಿಗೆ ಕಂಡಿತು. ಮುಂದಿನ ಮಳೆಗೆ ಅದೇ ಬದುವಿಗೆ ಹೋಗಿ ನಿಂತ. ಎರಡೂ ಚಿತ್ರಗಳನ್ನು ಒಂದೇ ಪುಟದಲ್ಲಿ ಕೊಟ್ಟಿದ್ದೇವೆ.

ಹೀಗೆ ಮಾತಾಡುವುದಕ್ಕೆ ನಮ್ಮಲ್ಲೇ ಒಂದು ಮಾದರಿ ಇದೆ. ಗಲಗಲಿ ಪಂಡಿತರ ಊರು. ‘ಮಧುರವಾಣಿ’ ಸಂಸ್ಕೃತ ಪತ್ರಿಕೆಯ ಗಲಗಲಿ ರಾಮಾಚಾರ್ಯರು, ‘ಶ್ರೀ ಶಂಭುಲಿಂಗೇಶ್ವರ ವಿಜಯ ಚಂಪೂ’ ಕೃತಿಗೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಪಂಢರೀನಾಥಾಚಾರ್ಯ ಗಲಗಲಿ ಈ ಮಣ್ಣಿನ ಹೆಸರನ್ನೇ ಹೊತ್ತು ಬಾಳಿದವರು. ಅವರ ವಿದ್ಯಾಪರಂಪರೆಯಲ್ಲಿ ವಾಕ್ಯಾರ್ಥಕ್ಕೆ, ಅಂದರೆ ಶಾಸ್ತ್ರಚರ್ಚೆಗೆ, ಕುಳಿತವರು ಪಾಲಿಸುವ ಒಂದು ಕಟ್ಟುಪಾಡಿದೆ. ತನ್ನ ಸಿದ್ಧಾಂತ ಹೇಳುವ ಮುಂಚೆ ಎದುರಿನವನ ಪೂರ್ವಪಕ್ಷವನ್ನು ಹೇಳಬೇಕು, ಅದೂ ಅವನೇ ಒಪ್ಪುವಷ್ಟು ಚೆನ್ನಾಗಿ ಹೇಳಬೇಕು. ಚಿತ್ರದ ಬಗ್ಗೆ ಮಾತಾಡುವವರಿಗೆ ಇದಕ್ಕಿಂತ ಒಳ್ಳೆಯ ನಿಯಮ ನಮಗೆ ಹೊಳೆಯಲಿಲ್ಲ. ‘ಹಾರಿಜಾನ್ ಓರೆಯಾಗಿದೆ’, ‘ಫೋಕಸ್ ಇಲ್ಲ’ ಎಂದು ಮೊದಲ ಮಾತಿನಲ್ಲೇ ತಪ್ಪು ಎತ್ತುವವರು ಸಿದ್ಧಾಂತದಿಂದ ಶುರು ಮಾಡುತ್ತಾರೆ. ಚಿತ್ರದಲ್ಲಿ ತನಗೆ ಏನೇನು ಕಂಡಿತು, ತೆಗೆದವರು ಏನನ್ನು ತೋರಿಸಲು ಹೊರಟಂತಿದೆ ಎಂಬುದನ್ನು ಮೊದಲು ಹೇಳಿದರೆ ಅರ್ಧ ಕೆಲಸ ಅಲ್ಲೇ ಆಗಿಹೋಗುತ್ತದೆ.

ಗಲಗಲಿಯ ಸೇತುವೆ ಮೇಲಿಂದ ತೆಗೆದ ಹೊತ್ತು ಮುಳುಗುವ ಚಿತ್ರಗಳು ನಮಗೆ ರಾಶಿ ಬಂದಿದ್ದವು. ವಿಜಯಪುರಕ್ಕೆ ಹೋಗಿಬರುವವರೆಲ್ಲ ಅಲ್ಲಿ ಗಾಡಿ ನಿಲ್ಲಿಸುತ್ತಾರೆ, ಕೃಷ್ಣೆಯ ಮೇಲೆ ಕೆಂಪು ಹರಡಿದಾಗ ನಿಲ್ಲಿಸದೆ ಇರುವುದೂ ಕಷ್ಟ. ಅಂಥದೊಂದು ಚಿತ್ರಕ್ಕೆ ಜಮಖಂಡಿಯ ಓದುಗರೊಬ್ಬರು ಬರೆದದ್ದು ಇಷ್ಟೆ: “ನನ್ನ ಕಣ್ಣು ಮೊದಲು ಸೂರ್ಯನ ಕಡೆಗೆ ಹೋಗಲಿಲ್ಲ. ಎಡಗಡೆ ಮೂಲೆಯೊಳಗ ತೆಪ್ಪದ ಮ್ಯಾಲೆ ಒಬ್ಬಾವ ಬಲಿ ಎಳಿಯಾಕತ್ತಾನ, ಅಲ್ಲಿಗೆ ಹೋತು.” ತೆಗೆದಾತ ಆ ಮೀನುಗಾರನನ್ನು ಗಮನಿಸಿಯೇ ಇರಲಿಲ್ಲ. ಇದು ಟೀಕೆಯೋ ಹೊಗಳಿಕೆಯೋ? ಎರಡೂ ಅಲ್ಲ. ಒಬ್ಬರು ತಮ್ಮ ಕಣ್ಣನ್ನು ಇನ್ನೊಬ್ಬರಿಗೆ ಎರವಲು ಕೊಟ್ಟದ್ದು.

ಗಾಣದ ಮನೆಯ ಚಿತ್ರಕ್ಕೂ ಇಂಥದೇ ಉಪಕಾರವಾಗಿದೆ. ಮಹಾಲಿಂಗಪುರದ ಬೆಲ್ಲದ ಸೀಮೆಯಲ್ಲಿ ಕಡಾಯಿಯ ಮುಂದೆ ನಿಂತು ಚಿತ್ರ ತೆಗೆಯದವರಿಲ್ಲ, ಆದರೆ ಬಹಳಷ್ಟರಲ್ಲಿ ಉಗಿಯೇ ಇರುವುದಿಲ್ಲ. ಬೆಳಕು ಬೆನ್ನ ಹಿಂದೆ ಇಟ್ಟುಕೊಂಡು ನಿಂತರೆ ಉಗಿ ಕರಗಿಹೋಗುತ್ತದೆ. ಕಡಾಯಿಯ ಆಚೆ ಬದಿಗೆ ಹೋಗಿ, ಬಾಗಿಲ ಬೆಳಕು ಎದುರಿನಿಂದ ಬರುವಂತೆ, ಉಗಿಯ ಹಿಂದೆ ಮಸಿ ಹಿಡಿದ ಗೋಡೆಯ ಕತ್ತಲು ಇರುವಂತೆ ನಿಂತರೆ ಅದೇ ಉಗಿ ಎದ್ದು ಕಾಣುತ್ತದೆ. ಬನಹಟ್ಟಿಯ ನೇಕಾರರೊಬ್ಬರು ಪವರ್‌ಲೂಮ್ ಚಿತ್ರಕ್ಕೆ ಬರೆದ ಟಿಪ್ಪಣಿಯಂತೂ ಮಗ್ಗದ ಸದ್ದಿನಲ್ಲೇ ಬೆಳೆದವರು ಮಾತ್ರ ಬರೆಯಬಲ್ಲದ್ದು. ಸೀರೆಯ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ ಬಿದ್ದದ್ದು ಕ್ಯಾಮೆರಾದ ದೋಷವಲ್ಲ, ಟ್ಯೂಬ್‌ಲೈಟಿನದು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಸೆಕೆಂಡಿನ 500ನೇ ಒಂದು ಭಾಗದಲ್ಲಿ ಚಿತ್ರ ತೆಗೆದರೆ ಆ ಮಿಡಿತ ಸಿಕ್ಕಿಬೀಳುತ್ತದೆ. ನೂರನೇ ಒಂದು ಭಾಗಕ್ಕೋ ಐವತ್ತನೇ ಒಂದಕ್ಕೋ ಇಳಿಸಿ, ಕ್ಯಾಮೆರಾವನ್ನು ಮಗ್ಗಕ್ಕೆ ಆನಿಸದೆ ಗೋಡೆಗೆ ಆನಿಸಿ ಎನ್ನುತ್ತಾರೆ ಅವರು. ಹಾಗಾದರೆ ಲಾಳಿ ಮಸುಕಾಗುವುದಿಲ್ಲವೇ ಎಂದರೆ, “ಆಗ್ಲಿ ಬಿಡ್ರಿ, ಓಡೂದು ಓಡಿದಂಗ ಕಾಣ್ಲಿ.”

ಇಂಥ ಮಾತುಕತೆ ನಾವು ಹೊಸದಾಗಿ ಕಂಡುಹಿಡಿದದ್ದಲ್ಲ. ಬೆಂಗಳೂರಿನಲ್ಲಿ 1971ರಲ್ಲಿ ಕೆಲವು ತರುಣರು ಕಟ್ಟಿದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಸಂಘಗಳು ನಿಂತದ್ದೇ ಸದಸ್ಯರು ಸೇರಿ ಒಬ್ಬರ ಚಿತ್ರವನ್ನು ಇನ್ನೊಬ್ಬರು ನೋಡಿ ಮಾತಾಡುವುದರ ಮೇಲೆ. ವನ್ಯಜೀವಿ ಛಾಯಾಗ್ರಹಣದಲ್ಲಿ ಜಗತ್ತೇ ಗುರುತಿಸಿದ ಟಿ.ಎನ್.ಎ. ಪೆರುಮಾಳ್ (1932–2017) ಓ.ಸಿ. ಎಡ್ವರ್ಡ್ಸ್ ಅವರ ಬಳಿ ಕಲಿತರು, ಪೆರುಮಾಳ್ ಬಳಿ ಮುಂದಿನ ತಲೆಮಾರು ಕಲಿಯಿತು. ಸಂಡೂರಿನ ಎಂ.ವೈ. ಘೋರ್ಪಡೆ (1931–2011) ರಾಜಮನೆತನದಲ್ಲಿ ಹುಟ್ಟಿ, ರಾಜ್ಯದ ಹಣಕಾಸು ಮಂತ್ರಿಯೂ ಆಗಿ, ಕಡೆಯ ತನಕ ಛಾಯಾಗ್ರಹಣದಲ್ಲಿ ಹವ್ಯಾಸಿಯಾಗಿಯೇ ಉಳಿದರು. ಹೊಟ್ಟೆಪಾಡಿನ ಛಾಯಾಗ್ರಾಹಕನಿಗೆ ಗಿರಾಕಿಯೇ ತೀರ್ಪುಗಾರ. ಹವ್ಯಾಸಿಗೆ ಗೆಳೆಯರ ಹೊರತು ಇನ್ನಾರು?

ಸ್ಪರ್ಧೆಗಳು ಇವೆಯಲ್ಲ ಎಂದು ಕೆಲವರು ಕೇಳಿದ್ದಾರೆ. 1950ರಲ್ಲಿ ಹುಟ್ಟಿದ ಛಾಯಾಗ್ರಹಣದ ಅಂತರರಾಷ್ಟ್ರೀಯ ಒಕ್ಕೂಟ ‘ಫಿಯಾಪ್’ನ ಮಾನ್ಯತೆ ಪಡೆದ ಸ್ಪರ್ಧಾ ಸಲೂನ್‌ಗಳಿಗೆ ನಮ್ಮ ಕಡೆಯಿಂದಲೂ ಚಿತ್ರಗಳು ಹೋಗುತ್ತವೆ, ಹೆಸರಿನ ಮುಂದೆ ಬಿರುದಿನ ಅಕ್ಷರಗಳು ಸೇರುತ್ತವೆ. ಸಂತೋಷವೇ. ಆ ಶಿಸ್ತು ಎಷ್ಟೋ ಜನರ ಕೈ ಪಳಗಿಸಿದೆ. ಆದರೆ ತೀರ್ಪುಗಾರರು ಅಂಕ ಒತ್ತುತ್ತಾರೆ, ಚಿತ್ರ ಒಳಗೆ ಇಲ್ಲವೇ ಹೊರಗೆ. ಯಾಕೆ ಹೊರಗೆ ಎಂಬುದು ತೆಗೆದವರಿಗೆ ತಿಳಿಯುವುದೇ ಇಲ್ಲ. ಅಂಕದ ಆಸೆಗೆ ಎಲ್ಲರೂ ಗೆದ್ದ ಚಿತ್ರದ ಹಾಗೆಯೇ ತೆಗೆಯಲು ಶುರು ಮಾಡುವುದನ್ನೂ ನೋಡುತ್ತಿದ್ದೇವೆ. ಗಾಣದ ಮನೆಯಲ್ಲಿ ಮುದುಕನ ಕೈಗೆ ಬೀಡಿ ಕೊಟ್ಟು ಹೊಗೆ ಬಿಡಿಸಿ ತೆಗೆದ ಚಿತ್ರಕ್ಕಿಂತ ಆ ಎರಿಹೊಲದ ಬೂದಿ ಚಿತ್ರವೇ ನಮಗೆ ಹೆಚ್ಚು.

ಸ್ನೇಹದ ಮಾತೆಂದರೆ ಸಿಹಿ ಮಾತೇ ಆಗಬೇಕೆಂದಿಲ್ಲ. ಆಲಮಟ್ಟಿ ಹಿನ್ನೀರಿನಲ್ಲಿ ಬೇಸಿಗೆಗೆ ನೀರು ಇಳಿದಾಗ ತೆರೆದುಕೊಳ್ಳುವ ದಿಬ್ಬಗಳ ಮೇಲೆ ನದಿ ರೀವ ಹಕ್ಕಿಗಳು ಬರಿ ಮರಳಲ್ಲೇ ಮೊಟ್ಟೆ ಇಡುತ್ತವೆ. ತಾಯಿ ಹಕ್ಕಿಯನ್ನು ಎಬ್ಬಿಸಿ ಹತ್ತಿರ ಹೋಗಿ ನಿಂತರೆ ಆ ಬಿಸಿಲಿಗೆ ಮೊಟ್ಟೆ ಹಾಳಾಗುವುದಕ್ಕೆ ಬಹಳ ಹೊತ್ತು ಬೇಕಿಲ್ಲ. ಇಂಥ ಮೊಟ್ಟೆಯ ಚಿತ್ರ, ಬಹಳ ಚೊಕ್ಕಟವಾಗಿ ತೆಗೆದದ್ದು, ನಮಗೆ ಬಂದಿತ್ತು. ಅದನ್ನು ನೋಡಿದ ಹಿರಿಯ ಹವ್ಯಾಸಿ ಬೆಳಕು ಕತ್ತಲೆಯ ಸುದ್ದಿಗೇ ಹೋಗದೆ ತೆಗೆದವರಿಗೆ ನೇರವಾಗಿ ಫೋನ್ ಮಾಡಿ ಮಾತಾಡಿದರು. ಗೂಡಿನ ಚಿತ್ರಗಳನ್ನು ಎಷ್ಟೋ ಸ್ಪರ್ಧೆಗಳು ಈಗ ತೆಗೆದುಕೊಳ್ಳುವುದಿಲ್ಲ, ನಾವೂ ಹಾಕಿಲ್ಲ. ನಾಲ್ಕು ಮಂದಿಯ ಎದುರಿಗೆ ಹೇಳಿದರೆ ನೋಯುವ ಮಾತನ್ನು ಒಬ್ಬರೇ ಇದ್ದಾಗ ಹೇಳಿದ ಅವರ ರೀತಿ ನಮಗೆ ಬಹಳ ಹಿಡಿಸಿತು.

2019ರ ಆಗಸ್ಟ್ ಪ್ರವಾಹದ ಚಿತ್ರಗಳ ಬಗ್ಗೆ ಮಾತಾಡುವುದು ಇದಕ್ಕೂ ಕಷ್ಟ. ಗಂಜಿ ಕೇಂದ್ರದಲ್ಲಿ ಪಾತ್ರೆ ತಬ್ಬಿಕೊಂಡು ಕೂತ ಅಜ್ಜಿಯ ಮುಖಕ್ಕೆ ‘ಕಂಪೋಸಿಷನ್ ಚೆನ್ನಾಗಿದೆ’ ಎನ್ನಲು ನಾಲಿಗೆ ಏಳುವುದಿಲ್ಲ. ಆಕೆ ಯಾವ ಊರಿನವಳು, ಚಿತ್ರ ತೆಗೆಯುತ್ತಿರುವುದು ಆಕೆಗೆ ಗೊತ್ತಿತ್ತೇ, ಆಮೇಲೆ ಮಾತಾಡಿಸಿದೆಯಾ ಎಂದು ಕೇಳಬೇಕಾಗುತ್ತದೆ. ಆ ಚಿತ್ರ ತೆಗೆದ ಗೆಳೆಯರು ಪ್ರಿಂಟ್ ಹಾಕಿಸಿ ಆಕೆಯ ಮನೆಗೆ ಕೊಟ್ಟು, ಒಪ್ಪಿಗೆ ಕೇಳಿಕೊಂಡು ಬಂದ ಮೇಲೆಯೇ ನಮಗೆ ಕಳಿಸಿದರು.

ಹುಡುಗಿಯರ ಚಿತ್ರಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊತ್ತು ಮುಳುಗಿದ ಮೇಲೆ ಸೇತುವೆ ಮೇಲೆ ನಿಲ್ಲುವ, ನಸುಕಿನಲ್ಲಿ ಹಿನ್ನೀರಿಗೆ ಹೋಗುವ ಅನುಕೂಲ ಅವರಿಗಿಲ್ಲ. ಅವರ ಮೊಬೈಲಿನಲ್ಲಿ ಇರುವುದು ಒಲೆ, ಹಿತ್ತಲು, ಕಟ್ಟೆ, ಅವ್ವ. ರೊಟ್ಟಿ ಬಡಿಯುವ ಅವ್ವನ ಕೈಯ ಚಿತ್ರವೊಂದಕ್ಕೆ ‘ಮನೆಯೊಳಗಿನದು, ವಿಷಯ ಸಣ್ಣದು’ ಎಂದು ಒಬ್ಬರು ಬರೆದು ಕಳಿಸಿದ್ದರು. ಆ ಮಾತನ್ನು ನಾವು ಒಪ್ಪುವುದಿಲ್ಲ. ಬಾಗಿಲಿನಿಂದ ಬಂದ ಒಂದೇ ಕೋಲು ಬೆಳಕು, ಅದರಲ್ಲಿ ಹಾರಿದ ಜೋಳದ ಹಿಟ್ಟು, ಅರ್ಧ ಎದ್ದ ರೊಟ್ಟಿ: ಈ ಸಂಚಿಕೆಯಲ್ಲಿ ಅದಕ್ಕಿಂತ ತಾಳ್ಮೆಯ ಚಿತ್ರ ಇನ್ನೊಂದಿಲ್ಲ. ಅದನ್ನೇ ಮುಖಪುಟಕ್ಕೆ ತೆಗೆದುಕೊಂಡಿದ್ದೇವೆ. ಹಾಗೆಯೇ, ಕೇಳದೆ ಇನ್ನೊಬ್ಬರ ಚಿತ್ರವನ್ನು ಕತ್ತರಿಸಿ, ಬಣ್ಣ ಏರಿಸಿ, ‘ನಾನಾದ್ರ ಹಿಂಗ ಮಾಡ್ತಿದ್ದೆ’ ಎಂದು ಮರಳಿ ಕಳಿಸುವ ರೂಢಿಯನ್ನು ದಯವಿಟ್ಟು ಬಿಡೋಣ. ಹುಡುಗಿಯರಿಗೆ ಇದು ಹೆಚ್ಚು ಆಗುತ್ತಿದೆ.

ಮುಧೋಳದ ರನ್ನ ತನ್ನ ಕೃತಿಯನ್ನು ಪರೀಕ್ಷಿಸುವವನಿಗೆ ಎಂಟು ಗುಂಡಿಗೆ ಇದೆಯೇ ಎಂದು ಸವಾಲು ಹಾಕಿದವನು. ಮಹಾಕವಿಗೆ ಆ ಬಿಂಕ ಒಪ್ಪುತ್ತದೆ. ನಮ್ಮ ಹವ್ಯಾಸಿಗಳು ಅಂಜುತ್ತ ಕೈಯೊಡ್ಡಿ ಚಿತ್ರ ತೋರಿಸುವವರು, ಅವರ ಚಿತ್ರ ನೋಡುವವರಿಗೆ ಒಂದೇ ಗುಂಡಿಗೆ ಸಾಕು, ಅದು ಮೆತ್ತಗಿದ್ದರೆ ಆಯಿತು.

ಮುಂದಿನ ಸಂಚಿಕೆಗೂ ಈ ಪುಟಗಳು ಇರುತ್ತವೆ. ಚಿತ್ರ ಕಳಿಸುವವರು ಎಲ್ಲಿ ನಿಂತು, ಯಾವ ಹೊತ್ತಿಗೆ ತೆಗೆದಿರಿ, ಏನನ್ನು ತೋರಿಸಬೇಕೆಂದಿದ್ದಿರಿ ಎಂಬುದನ್ನು ಎರಡು ಸಾಲಿನಲ್ಲಿ ಬರೆಯಿರಿ. ಜೊತೆಗೆ ಈ ಸಂಚಿಕೆಯ ಯಾವುದಾದರೂ ಒಂದು ಚಿತ್ರಕ್ಕೆ ನಿಮ್ಮ ಉತ್ತರವೂ ಇರಲಿ. ಉತ್ತರ ಇಲ್ಲದೆ ಬಂದ ಚಿತ್ರವನ್ನು ಎಷ್ಟೇ ಚಂದ ಇದ್ದರೂ ಒಂದು ಸಲ ಮರಳಿ ಕಳಿಸುತ್ತೇವೆ.