ಸೊಂಟ ಮುರಿದವರ ಊಟ

ಬಚ್ಚಲಿನಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ವೃದ್ಧರ ವಿಷಯದಲ್ಲಿ, ಶಸ್ತ್ರವೈದ್ಯರು ಕೂಡಿಸಿದ ಲೋಹದ ಕೀಲು ಎಷ್ಟು ಕಾಲ ಬಾಳುವುದೆಂದು ವಿಚಾರಿಸುವ ನಾವು, ಆ ಕೀಲನ್ನು ಆಡಿಸಬೇಕಾದ ಮಾಂಸಖಂಡಗಳಿಗೆ ಆಹಾರವೇನೆಂದು ಕೇಳುವುದೇ ಇಲ್ಲ. ಆರೋಗ್ಯವಂತರಾದ ವೃದ್ಧರೇ 10 ದಿನ ಹಾಸಿಗೆ ಹಿಡಿದರೆ ಅವರ ಕಾಲುಗಳಿಂದ ಸುಮಾರು 1 ಕಿಲೋ ಮಾಂಸ ಕರಗಬಲ್ಲುದೆಂಬುದು ಪ್ರಯೋಗಸಿದ್ಧವಾಗಿರುವಾಗ, ನೋವು, ಶಸ್ತ್ರಕ್ರಿಯೆಗಳಿಂದ ಜರ್ಜರಿತರಾದವರ ಪಾಡನ್ನು ಊಹಿಸಬಹುದು.

ಇಂಥವರಿಗೆ ನಮ್ಮ ಮನೆಗಳು ವಿಧಿಸುವ ಪಥ್ಯವಾದರೋ, ಬೇಳೆ ವಾಯು, ಮೊಸರು ಶೀತ, ಮೊಟ್ಟೆ ಉಷ್ಣವೆಂದು (ಬಹಿಷ್ಕಾರಕ್ಕೆ ಸಾಲುವಷ್ಟು ಸಾಕ್ಷಿಯನ್ನು ನಾನಂತೂ ಕಂಡಿಲ್ಲ) ಒಂದೊಂದನ್ನೇ ಬಹಿಷ್ಕರಿಸಿ, ಕಡೆಗುಳಿದ ತೆಳು ಗಂಜಿಯನ್ನು ಪರಮೌಷಧವೆಂಬಂತೆ ಕುಡಿಸುವುದು. ಕಾಯಿಲೆಬಿದ್ದ ವೃದ್ಧರಿಗೆ ದೇಹತೂಕದ ಕಿಲೋ ಒಂದಕ್ಕೆ ದಿನವಹಿ 1.2ರಿಂದ 1.5 ಗ್ರಾಂ ಸಸಾರಜನಕ ಬೇಕೆಂಬುದು ತಜ್ಞರ ಮತ; 50 ಕಿಲೋ ತೂಕದ ಅಜ್ಜಿಗೆ ಅದು 60 ಗ್ರಾಮಿಗೆ ಕಡಿಮೆಯಲ್ಲ; ಗಂಜಿಯಿಂದ ಅಷ್ಟನ್ನು ತುಂಬಲಾಗದು. ರಾಗಿಯ ಸುಣ್ಣದಂಶ ಮೂಳೆಗೆ ಹಿತವೇ ಆದರೂ ಮಾಂಸಖಂಡದ ಹಸಿವನ್ನು ಅದೊಂದೇ ನೀಗದು. ಮೂತ್ರಪಿಂಡ ದುರ್ಬಲವಾದವರು ವೈದ್ಯರನ್ನು ಕೇಳಿಕೊಳ್ಳಲಿ. ಮಿಕ್ಕವರಿಗೆ ಗಟ್ಟಿ ತೊವ್ವೆ, ಮೊಸರು, ಹೆಸರುಕಾಳು, ಒಗ್ಗುವುದಾದರೆ ಮೊಟ್ಟೆ, ಮೀನುಗಳೇ ಚಿಕಿತ್ಸೆ.

ಆಸ್ಪತ್ರೆಗಳೂ ನಿರ್ದೋಷಿಗಳಲ್ಲ. ಅರಿವಳಿಕೆಗೆ 2 ಗಂಟೆ ಮುಂಚಿನವರೆಗೂ ತಿಳಿನೀರು ಸಾಮಾನ್ಯವಾಗಿ ನಿಷಿದ್ಧವಲ್ಲದಿದ್ದರೂ, ಸರದಿ ಮುಂದೆ ಹೋದಂತೆಲ್ಲ ರೋಗಿಯನ್ನು ದಿನವಿಡೀ ನಿರಾಹಾರವಾಗಿ ಕೆಡಹುವ ರೂಢಿ ಇನ್ನೂ ಅಳಿದಿಲ್ಲ. ಶಸ್ತ್ರಕ್ರಿಯೆಯ ಮರುದಿನವೇ ವೃದ್ಧರನ್ನು ಎಬ್ಬಿಸಿ ನಿಲ್ಲಿಸುವ ಆಸ್ಪತ್ರೆಯು, ಅಂದಿನ ತಟ್ಟೆಯಲ್ಲಿ ಉಣ್ಣದೆ ಉಳಿದುದೆಷ್ಟೆಂಬುದನ್ನೂ ರಕ್ತದೊತ್ತಡದ ಪಕ್ಕದಲ್ಲಿಯೇ ಬರೆದಿಡಬೇಕು.