ಮನೆಯಲ್ಲಿ ಕೇಳತಕ್ಕ ಸಂಗೀತ: ಕೆಲವು ಹೊಸ ಮುದ್ರಿಕೆಗಳು, ಕೆಲವು ಹಳೆಯವುಗಳ ಪುನರ್ಜನ್ಮ

ಕೆಲವು ದಿನಗಳ ಹಿಂದೆ ಬೈಲಹೊಂಗಲದ ಪೇಟೆಯಲ್ಲಿ ಪರಿಚಿತರಾದ ಹಿರಿಯ ಗೃಹಸ್ಥರೊಬ್ಬರು ನನ್ನನ್ನು ತಡೆದು ನಿಲ್ಲಿಸಿ, “ಮಾಸ್ತರ, ನಮ್ಮ ಹುಡುಗ ಕಿವಿಯೊಳಗ ಅದೇನೋ ಸಿಗಿಸಿಕೊಂಡು ಕೂಡ್ತಾನ್ರಿ. ಕರೆದ್ರ ಓ ಅನ್ನೂದಿಲ್ಲ. ಏನ್ ಕೇಳ್ತಾನ ಅನ್ನೂದು ನಮಗ ತಿಳಿಯೂದಿಲ್ಲ. ಬ್ಯಾಡ ಅನ್ನಬೇಕೋ, ಬಿಡಬೇಕೋ, ನೀವ ಹೇಳ್ರಿ” ಎಂದು ಕೇಳಿದರು. ಬೀದಿಯಲ್ಲಿ ನಿಂತು ಉತ್ತರ ಹೇಳತಕ್ಕ ಪ್ರಶ್ನೆಯಲ್ಲವದು. ಇಂಥ ಪ್ರಶ್ನೆಯು ಇಂದು ಮನೆಮನೆಯಲ್ಲಿಯೂ ಇರುವದರಿಂದ, ಈ ತಿಂಗಳಿನ ಮುದ್ರಿಕೆಗಳ ಪರಿಚಯವನ್ನೇ ಅದಕ್ಕೆ ಉತ್ತರವಾಗಿ ಬರೆಯುತ್ತಿದ್ದೇನೆ.

ಮಗನು ಕೇಳುವದು ರಾಕ್ ಎಂಬ ಸಂಗೀತವೋ, ಜಾಝ್ ಎಂಬುದೋ, ಯಂತ್ರದಿಂದ ಹುಟ್ಟುವ ಎಲೆಕ್ಟ್ರಾನಿಕ್ ಸಂಗೀತವೋ ಎಂಬುದು ತಂದೆಗೆ ತಿಳಿಯದು. ತಂದೆಯ ಹಾಡು ಮಗನಿಗೆ ಬೇಡ. ಒಂದೇ ಸೂರಿನ ಕೆಳಗೆ ಇಬ್ಬರ ಕಿವಿಗಳು ಎರಡು ದೇಶಗಳಲ್ಲಿ ವಾಸಿಸುವವು. ಇದರಲ್ಲಿ ಸಂಗೀತಕ್ಕಿಂತ ಹೆಚ್ಚಾಗಿ ಮನೆತನಕ್ಕೇ ಹಾನಿಯುಂಟೆಂದು ನನ್ನ ಅಭಿಪ್ರಾಯ. ಹಿಂದೆ ಗ್ರಾಮೋಫೋನಿಗೆ ಒಂದೇ ಕಹಳೆಯಿದ್ದಿತು. ರೇಡಿಯೋ ಬಂದ ಮೇಲೂ ಮನೆಯವರೆಲ್ಲ ಅದರ ಸುತ್ತಲೇ ಕುಳಿತು ಕೇಳಬೇಕಾಗಿದ್ದಿತು. ಮೆಚ್ಚಿದವರೂ ಮೆಚ್ಚದವರೂ ಕೂಡಿಯೇ ಕೇಳುತ್ತಿದ್ದುದರಿಂದ, ಮೆಚ್ಚದವರಿಗೂ ಕಾಲಕ್ರಮದಲ್ಲಿ ಅಭಿರುಚಿಯು ಹುಟ್ಟುತ್ತಿದ್ದಿತು.

ಈ ಹೊಸ ಸಂಗೀತಗಳು ನಮ್ಮ ಕಿವಿಗೆ ತೀರ ಪರಕೀಯವಾದವುಗಳೆಂಬ ಭಾವನೆಯೂ ಸರಿಯಾದುದಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿವೆಗೆ ಹೋದವರು ಚೌಡಿಕೆಯನ್ನು ಕೇಳಿಯೇ ಇರುವರು. ಕಂಕುಳಲ್ಲಿ ಅವುಚಿದ ಆ ಒಂದು ತಂತಿಯ ವಾದ್ಯದಲ್ಲಿ ತಂತಿಯನ್ನು ಬಿಗಿದು ಸಡಲಿಸಿದಂತೆ ನಾದವು ಏರಿ ಇಳಿದು ಜಾರುವದು; ಜೋಗತಿಯರ ಹಾಡು ಅದರ ಬೆನ್ನು ಹತ್ತಿ ಹೋಗುವದು. ರಾಮದುರ್ಗದ ಸೀಮೆಯ ಗೊಡಚಿಯ ವೀರಭದ್ರನ ಜಾತ್ರೆಯಲ್ಲಿ ಸಂಬಾಳದ ಬಡಿತಕ್ಕೆ ಪುರವಂತರು ಕುಣಿಯುವಾಗ ಎದೆಯಲ್ಲಿ ಏಳುವ ಕಂಪವು ಯಾವ ರಾಕ್ ಮೇಳದ ಡ್ರಮ್ಮಿಗೂ ಕಡಿಮೆಯಾದುದಲ್ಲ. ಬೈಲಹೊಂಗಲದಲ್ಲಿ ನಡೆದುದೆಂದು ಹೇಳಲಾಗುವ ಕಥೆಯ ಸಂಗ್ಯಾ-ಬಾಳ್ಯಾ ಸಣ್ಣಾಟದಲ್ಲಿ, ನಟನು ತನ್ನ ಸಾಲನ್ನು ಆ ಹೊತ್ತಿನ ಭಾವಕ್ಕೆ ತಕ್ಕಂತೆ ಹಿಗ್ಗಿಸಿ ಹಾಡುವನು, ಮೇಳದವರು ಅದನ್ನು ಎತ್ತಿಕೊಳ್ಳುವರು. ಜಾಝಿನ ಜೀವಾಳವೂ ಇದೇ. ಆದುದರಿಂದ ನಮ್ಮ ನಾಡಿನ ಕಿವಿಯು ಈ ಮೂರೂ ಬಾಗಿಲುಗಳನ್ನು ತಟ್ಟಲು ಅರ್ಹವಾಗಿಯೇ ಇದೆ.

ಮೊದಲು ರಾಕ್ ಸಂಗೀತ. ಇದರಲ್ಲಿ ಕನ್ನಡದ ಮನೆಗೆ ಸುಲಭವಾಗಿ ಒಗ್ಗುವದು, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ಮೇಳವು ೨೦೦೮ರಲ್ಲಿ ಹೊರತಂದ ಮೊದಲನೆಯ ಮುದ್ರಿಕೆ. ಇದರಲ್ಲಿ ಹಿಂದಿಯ ಹಾಡುಗಳೊಡನೆ ಶಿಶುನಾಳ ಶರೀಫರ ತತ್ವಪದಗಳೂ ಇವೆ. ೧೮೧೯ರಲ್ಲಿ ಹುಟ್ಟಿದ ಸಂತನ ಮಾತಿಗೆ ಗಿಟಾರು, ಪಿಟೀಲು, ಡ್ರಮ್ಮುಗಳ ಜೊತೆ ಕೂಡಿದೆ. ಏಕತಾರಿಯ ಮೇಲೆ ಈ ಪದಗಳನ್ನು ಕೇಳಿದ ಹಿರಿಯರಿಗೆ ಮೊದಲು ಕಸಿವಿಸಿಯಾಗಬಹುದು. ನನಗೂ ಆಯಿತು. ಅಲ್ಲಲ್ಲಿ ವಾದ್ಯಗಳ ಉತ್ಸಾಹವು ಪದದ ಒಳಗಿನ ವೈರಾಗ್ಯವನ್ನು ಮುಚ್ಚುವದೆಂಬುದು ಸುಳ್ಳಲ್ಲ. ಆದರೂ ಶರೀಫರ ಹೆಸರನ್ನು ಕೇಳದ ಹುಡುಗರು ಈ ಮುದ್ರಿಕೆಯ ದೆಸೆಯಿಂದ ಅವರ ಪದಗಳನ್ನು ಬಾಯಿಪಾಠ ಹೇಳುವದನ್ನು ಕಂಡಿದ್ದೇನೆ. ಮಗನು ಹಾಡಿದಾಗ ಅದರ ಒಳಾರ್ಥವನ್ನು ಹೇಳುವ ಸರದಿ ತಂದೆಯದು. ಇದೇ ಸಾಲಿನಲ್ಲಿ ಬೆಂಗಳೂರಿನ ಸ್ವರಾತ್ಮ ಮೇಳದವರ ೨೦೧೨ರ ‘ಟೋಪಿವಾಲೇ’ ಎಂಬ ಮುದ್ರಿಕೆಯನ್ನೂ ಕೇಳಬಹುದು. ಜನಪದದ ಲಯವೂ ರಾಜಕಾರಣದ ವಿಡಂಬನೆಯೂ ಅದರಲ್ಲಿ ಕೂಡಿವೆ. ಲಾವಣಿಕಾರರ ಚುರುಕು ಮಾತನ್ನು ಬಲ್ಲ ನಮ್ಮವರಿಗೆ ಈ ವಿಡಂಬನೆಯು ಹೊಸದೆನಿಸಲಾರದು.

ಎರಡನೆಯದು ಜಾಝ್. ಅಮೆರಿಕದ ಕರಿಯ ಜನರ ಬಾಳಿನೊಳಗಿಂದ ಹುಟ್ಟಿದ ಈ ಸಂಗೀತವನ್ನು ಹೊಸದಾಗಿ ಕೇಳುವವರು ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’ ಎಂಬುದರಿಂದ ಆರಂಭಿಸುವದು ಉತ್ತಮ. ೧೯೫೯ರಲ್ಲಿ ಮುದ್ರಿತವಾದ ಇದರಲ್ಲಿ ಐದೇ ಕೃತಿಗಳು. ಆ ಕಾಲದ ಜಾಝಿನಲ್ಲಿ ಸ್ವರಮೇಳಗಳು ಕ್ಷಣಕ್ಷಣಕ್ಕೆ ಬದಲಾಗುತ್ತಿದ್ದವು; ಇಲ್ಲಿ ವಾದಕರು ಒಂದೇ ಸ್ವರಶ್ರೇಣಿಯಲ್ಲಿ ಬಹಳ ಹೊತ್ತು ನಿಂತು ಅದನ್ನೇ ಅರಳಿಸುವರು. ಖ್ಯಾಲನ್ನು ಕೇಳಿ ಬಲ್ಲವರಿಗೆ ಈ ನೆಮ್ಮದಿಯ ನಡೆಯು ಸಹಜವಾಗಿಯೇ ಹಿಡಿಸುವದು. ಈ ಮುದ್ರಿಕೆಯಲ್ಲಿ ಸ್ಯಾಕ್ಸೊಫೋನನ್ನು ನುಡಿಸಿದವರಲ್ಲೊಬ್ಬನಾದ ಜಾನ್ ಕೋಲ್ಟ್ರೇನನು ನಮ್ಮ ಸಂಗೀತದಲ್ಲಿ ಎಷ್ಟು ಆದರವುಳ್ಳವನಾಗಿದ್ದನೆಂದರೆ, ೧೯೬೫ರಲ್ಲಿ ಹುಟ್ಟಿದ ತನ್ನ ಮಗನಿಗೆ ರವಿಶಂಕರರ ನೆನಪಿಗಾಗಿ ರವಿ ಎಂದೇ ಹೆಸರಿಟ್ಟನು.

ಇದಕ್ಕಿಂತಲೂ ನಮಗೆ ಹತ್ತಿರದ್ದು ‘ಜ್ಯೋತಿ’ ಎಂಬ ಮುದ್ರಿಕೆ. ನಾಗಸ್ವರವನ್ನೂ ಕಲಿತ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೋ ಎಂಬವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಎಂಬ ತಾಳವಾದ್ಯ ಶಾಲೆಯವರೊಡನೆ ೧೯೮೩ರಲ್ಲಿ ಇದನ್ನು ಮುದ್ರಿಸಿದರು. ಜರ್ಮನಿಯ ಇಸಿಎಂ ಕಂಪನಿಯು ಇದನ್ನು ಪ್ರಕಟಿಸಿತು. ಆರ್. ಎ. ರಮಾಮಣಿಯವರ ಕಂಠ, ಟಿ. ಎ. ಎಸ್. ಮಣಿಯವರ ಮೃದಂಗ, ಜೊತೆಗೆ ಘಟ, ಖಂಜಿರಗಳು. ಇಲ್ಲಿ ಯಾರೂ ಯಾರನ್ನೂ ಅನುಕರಿಸುವದಿಲ್ಲ. ರಮಾಮಣಿಯವರ ಸ್ವರಪ್ರಸ್ತಾರಕ್ಕೆ ಸ್ಯಾಕ್ಸೊಫೋನು ನೆರಳಿನಂತೆ ಹೋಗಿ, ಆ ಮೇಲೆ ತನ್ನದೇ ದಾರಿಯನ್ನು ಹಿಡಿಯುವದು. ರಾತ್ರಿ ಊಟವಾದ ಮೇಲೆ ದೀಪವನ್ನು ಸಣ್ಣದು ಮಾಡಿ ಕೇಳತಕ್ಕದ್ದು. ‘ಶಕ್ತಿ’ ಮೇಳದ ‘ದಿಸ್ ಮೊಮೆಂಟ್’ ಎಂಬುದನ್ನು ಹೊಸದರಲ್ಲಿ ಹೇಳಬೇಕು. ಆಂಗ್ಲ ಗಿಟಾರುವಾದಕ ಜಾನ್ ಮೆಕ್‌ಲಾಫ್ಲಿನ್‌ರೂ ತಬಲಾ ವಾದಕ ಜಾಕಿರ ಹುಸೇನರೂ ೧೯೭೦ರ ದಶಕದಲ್ಲಿ ಕಟ್ಟಿದ ಮೇಳವು ೨೦೨೩ರಲ್ಲಿ ಇದನ್ನು ಪ್ರಕಟಿಸಿ, ಮರುವರ್ಷ ಗ್ರ್ಯಾಮಿ ಪಾರಿತೋಷಕವನ್ನು ಪಡೆಯಿತು. ೨೦೨೪ರ ಡಿಸೆಂಬರದಲ್ಲಿ ಜಾಕಿರ ಹುಸೇನರು ತೀರಿಕೊಂಡರು. ಈಗ ಅದನ್ನು ಕೇಳುವಾಗ ಆ ಬೆರಳುಗಳ ಸಂತೋಷವು ಮನಸ್ಸನ್ನು ಕಲಕುವದು.

ಮೂರನೆಯದು ಎಲೆಕ್ಟ್ರಾನಿಕ್ ಸಂಗೀತ. ಹಿರಿಯರು ಅತ್ಯಂತ ಸಂಶಯದಿಂದ ನೋಡುವದು ಇದನ್ನೇ. ಯಂತ್ರಕ್ಕೆ ಎದೆಯುಂಟೇ ಎಂದು ಅವರು ಕೇಳುವರು. ಅವರಿಗೆ ನಾನು ಸೂಚಿಸುವದು ಚರಣಜಿತ್ ಸಿಂಗರ ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬುದನ್ನು. ಮುಂಬಯಿಯ ಚಲಚ್ಚಿತ್ರಗಳ ವಾದ್ಯವೃಂದದಲ್ಲಿ ದುಡಿಯುತ್ತಿದ್ದ ಇವರು, ಜಪಾನದ ರೋಲಂಡ್ ಕಂಪನಿಯ ಮೂರು ಯಂತ್ರಗಳ ಮೇಲೆ ಭೈರವ, ತೋಡಿ, ಯಮನ, ಮಾಲಕಂಸ ಮುಂತಾದ ಹತ್ತು ರಾಗಗಳನ್ನು ೧೯೮೨ರಲ್ಲಿ ನುಡಿಸಿದರು. ಅಂದು ಅದನ್ನು ಕೊಂಡವರು ಬಹಳ ಕಡಿಮೆ. ೧೯೮೭ರಲ್ಲಿ ಅಮೆರಿಕದ ಶಿಕಾಗೋದಲ್ಲಿ ತರುಣರು ಅದೇ ಬಗೆಯ ಯಂತ್ರದಿಂದ ‘ಆ್ಯಸಿಡ್ ಹೌಸ್’ ಎಂಬ ಹೊಸ ಶೈಲಿಯನ್ನು ಹುಟ್ಟಿಸಿದರು. ೨೦೧೦ರಲ್ಲಿ ಈ ಹಳೆಯ ಮುದ್ರಿಕೆಯು ಯುರೋಪಿನಲ್ಲಿ ಪುನಃ ಪ್ರಕಟವಾದಾಗ, ಶಿಕಾಗೋದವರಿಗಿಂತ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಒಬ್ಬರು ಇದೇ ನಾದವನ್ನು ಹೊರಡಿಸಿದ್ದರೆಂದು ಜಗತ್ತು ಬೆರಗಾಯಿತು. ಚರಣಜಿತ್ ಸಿಂಗರು ೨೦೧೫ರಲ್ಲಿ ತೀರಿಕೊಳ್ಳುವ ಮೊದಲು ಈ ಗೌರವವನ್ನು ಕಣ್ಣಾರೆ ಕಂಡರು. ಆ ಯಂತ್ರದ ಮಂದ್ರ ಸ್ವರವು ಜಾರಿ ಜಾರಿ ಏರುವದನ್ನು ಕೇಳಿದಾಗ ನನಗೆ ನೆನಪಾದುದು ಯಲ್ಲಮ್ಮನ ಗುಡ್ಡದ ಚೌಡಿಕೆ! ತಾಳವು ಮಾತ್ರ ಆರಂಭದಿಂದ ಅಂತ್ಯದ ವರೆಗೆ ಒಂದೇ ತೂಕದಲ್ಲಿ ನಡೆಯುವದರಿಂದ, ಒಂದು ಸಾರೆಗೆ ಎರಡು ಮೂರು ರಾಗಗಳು ಸಾಕು.

ಇನ್ನೂ ಕುತೂಹಲವುಳ್ಳವರು ೨೦೨೩ರಲ್ಲಿ ಪ್ರಕಟವಾದ ‘ದಿ ಎನ್‌ಐಡಿ ಟೇಪ್ಸ್’ ಎಂಬುದನ್ನು ಕೇಳಬಹುದು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ೧೯೬೯ರಲ್ಲಿಯೇ ಒಂದು ಎಲೆಕ್ಟ್ರಾನಿಕ್ ಸಂಗೀತಶಾಲೆ ಇದ್ದಿತು. ಗೀತಾ ಸಾರಾಭಾಯಿ ಮೊದಲಾದವರು ೧೯೭೨ರ ವರೆಗೆ ಅಲ್ಲಿ ಮಾಡಿದ ಪ್ರಯೋಗಗಳು ಸಂಸ್ಥೆಯ ಸಂಗ್ರಹದಲ್ಲಿ ಹತ್ತಾರು ವರ್ಷ ಸುಮ್ಮನೆ ಬಿದ್ದಿದ್ದು ಈಗ ಬೆಳಕು ಕಂಡಿವೆ. ಇದು ಮನೆಯವರೆಲ್ಲರಿಗೂ ರುಚಿಸುವದೆಂದು ಹೇಳಲಾರೆ. ಕಲಿಯುವ ಹುಡುಗನಿದ್ದ ಮನೆಯಲ್ಲಿ ಮಾತ್ರ ಇದಕ್ಕೆ ಬೆಲೆಯುಂಟು.

ಈ ಪುನಃಪ್ರಕಟನೆಗಳ ವಿಷಯದಲ್ಲಿ ವಾಚಕರು ಗಮನಿಸಬೇಕಾದ ಮಾತೊಂದುಂಟು. ಎಲ್ಲೋ ಯಾರೋ ಒಂದು ಪ್ಲೇಟನ್ನು, ಒಂದು ಟೇಪನ್ನು ಒಗೆಯದೆ ಇಟ್ಟುಕೊಂಡಿದ್ದರಿಂದಲೇ ಅವು ನಮಗೆ ದೊರೆತಿವೆ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ಕಿತ್ತೂರಿನ ನಮ್ಮ ಸೋದರಮಾವನವರ ಮನೆಯ ಅಟ್ಟದ ಮೇಲೆ ಒಂದು ಕಟ್ಟಿಗೆಯ ಪೆಟ್ಟಿಗೆಯ ತುಂಬ ಗ್ರಾಮೋಫೋನ್ ಪ್ಲೇಟುಗಳಿದ್ದವು. ಮನೆಯ ದುರಸ್ತಿಯ ಕಾಲಕ್ಕೆ ಪೆಟ್ಟಿಗೆಯನ್ನು ಕೆಳಗಿಳಿಸಿ, ರದ್ದಿಯವನ ತಕ್ಕಡಿಯಲ್ಲಿ ಇಟ್ಟವನು ನಾನೇ. ಯಾವ ಪ್ಲೇಟಿನ ಮೇಲೆ ಯಾರ ಹೆಸರಿದ್ದಿತೆಂದು ಒಂದನ್ನೂ ಓದಲಿಲ್ಲ. ಮಾವನವರು ಪಡಸಾಲೆಯ ಕಂಬಕ್ಕೆ ಒರಗಿ ನೋಡುತ್ತ ಕುಳಿತಿದ್ದರು, ಏನೂ ಅನ್ನಲಿಲ್ಲ. ಅವರ ಆ ಮೌನದ ಅರ್ಥವು ನನಗೆ ತಿಳಿದುದು ಅವರು ಹೋದ ಮೇಲೆ.

ಆ ಪೆಟ್ಟಿಗೆಯಲ್ಲಿ ಏನೇನಿದ್ದಿರಬಹುದು! ಗಂಗೂಬಾಯಿ ಹಾನಗಲ್ಲರ ಆರಂಭದ ಪ್ಲೇಟುಗಳು ‘ಗಾಂಧಾರಿ’ ಎಂಬ ಹೆಸರಿನಿಂದ ಹೊರಟಿದ್ದವು. ಭೀಮಸೇನ ಜೋಶಿಯವರ ಮೊದಲನೆಯ ಮುದ್ರಿಕೆ ೧೯೪೦ರ ದಶಕದಲ್ಲಿ ಬಂದಿತು. ಅದರಲ್ಲಿ ಕನ್ನಡದ ಭಕ್ತಿಗೀತೆಗಳೂ ಇದ್ದವು. ಪ್ಲೇಟಿನ ಒಂದು ಮಗ್ಗಲಿಗೆ ಸುಮಾರು ಮೂರೂವರೆ ಮಿನಿಟುಗಳು ಮಾತ್ರ. ಅಷ್ಟರಲ್ಲಿಯೇ ಗವಾಯಿಗಳು ರಾಗದ ಪೂರ್ಣರೂಪವನ್ನು ತೋರಿಸಬೇಕಾಗಿದ್ದಿತು. ಮಲ್ಲಿಕಾರ್ಜುನ ಮನಸೂರರ ವಚನಗಾಯನ, ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ೧೯೨೪ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ನಿರ್ಗುಣ ಭಜನಗಳು, ಜೋಶಿಯವರ ದಾಸವಾಣಿ: ಇವು ಪುನಃ ಪುನಃ ಪ್ರಕಟವಾಗಿವೆ. ಮೇಲೆ ಹೇಳಿದ ಹೊಸ ಮುದ್ರಿಕೆ ಒಂದನ್ನು ಕೊಂಡವರು ಇವುಗಳಲ್ಲಿ ಒಂದನ್ನಾದರೂ ಅದರ ಪಕ್ಕದಲ್ಲಿ ಇರಿಸಿಕೊಳ್ಳಬೇಕೆಂದು ನನ್ನ ಬಿನ್ನಹ.

ಹಳೆಯದರ ಪುನರ್ಮುದ್ರಣವನ್ನು ಕೊಳ್ಳುವಾಗ ಎರಡು ಪರೀಕ್ಷೆಗಳು ಅವಶ್ಯ. ಗರಗರ ಸಪ್ಪಳವನ್ನು ತೆಗೆಯುವ ಭರದಲ್ಲಿ ಕೆಲವರು ತಂಬೂರಿಯ ನಾದವನ್ನೂ ಗವಾಯಿಯ ಉಸಿರನ್ನೂ ಅಳಿಸಿಬಿಡುವರು. ಅಂಥದಕ್ಕಿಂತ ತುಸು ಗರಗರವಿದ್ದುದೇ ಮೇಲು. ಮೂಲಪ್ಲೇಟನ್ನು ತಪ್ಪು ವೇಗದಲ್ಲಿ ತಿರುಗಿಸಿ ನಕಲು ಮಾಡಿದಲ್ಲಿ ಕಂಠವು ಅಸಹಜವಾಗಿ ಕೀರಲಾಗುವದು, ಅಥವಾ ಭಾರವಾಗುವದು. ಮನೆಯಲ್ಲಿ ಹಳೆಯ ಅರಗಿನ ಪ್ಲೇಟುಗಳಿದ್ದವರು ಅವನ್ನು ಒಂದರ ಮೇಲೊಂದು ಒಟ್ಟದೆ, ಬಿಸಿಲು ತಾಗದಲ್ಲಿ ನೆಟ್ಟಗೆ ನಿಲ್ಲಿಸಿಡಬೇಕು. ಸ್ಪಿರಿಟಿನಿಂದ ಒರಸಬಾರದು, ಅರಗು ಅದರಲ್ಲಿ ಕರಗುವದು. ಇಂದಿನ ಎಲ್‌ಪಿ ಯಂತ್ರದ ಮುಳ್ಳು ಅವುಗಳ ಗೀರಿಗೆ ತೀರ ಸಣ್ಣದು; ಬೇರೆ ಮುಳ್ಳು ಬೇಕು. ನುಡಿಸಲು ಅನುಕೂಲವಿಲ್ಲದವರು ಮೇಲಿನ ಹೆಸರನ್ನೂ ನಂಬರನ್ನೂ ಬರೆದಿಟ್ಟುಕೊಂಡರೂ ಸಾಕು. ೧೯೯೦ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಭಾರತೀಯ ರಿಕಾರ್ಡು ಸಂಗ್ರಾಹಕರ ಸಂಘದಂಥವರು ಇಂಥ ವಿವರಗಳಿಂದಲೇ ಹಳೆಯ ಸಂಗೀತದ ಚರಿತ್ರೆಯನ್ನು ಕೂಡಿಸುತ್ತ ಬಂದಿದ್ದಾರೆ.

ಇನ್ನು ಖರ್ಚಿನ ಮಾತು. ಈ ಮುದ್ರಿಕೆಗಳಲ್ಲಿ ಅನೇಕವನ್ನು ಕೈಯ ಫೋನಿನಲ್ಲಿಯೇ ಮೊದಲು ಕೇಳಿ ನೋಡಬಹುದು. ಮೂರು ಸಾರೆ ಕೇಳಿದ ಮೇಲೂ ನಾಲ್ಕನೆಯ ಸಾರೆ ಕೇಳಬೇಕೆನ್ನಿಸಿದುದಕ್ಕೆ ಮಾತ್ರ ಹಣ ಹಾಕಿರಿ. ಪ್ಲೇಟು ಈಗ ಪುನಃ ಬಳಕೆಗೆ ಬಂದಿರುವದೇನೋ ನಿಜ. ಅಮೆರಿಕದಲ್ಲಿ ೨೦೨೨ರಲ್ಲಿ ಸಿಡಿಗಳಿಗಿಂತ ಪ್ಲೇಟುಗಳೇ ಹೆಚ್ಚು ಮಾರಿದವು. ಆದರೆ ಫ್ಯಾಶನ್ನಿಗಾಗಿ ದುಬಾರಿ ಯಂತ್ರವನ್ನು ಕೊಳ್ಳುವದು ಗೃಹಸ್ಥನಿಗೆ ಭೂಷಣವಲ್ಲ. ಪಡಸಾಲೆಯಲ್ಲಿ ಎಲ್ಲರಿಗೂ ಕೇಳಿಸುವ ಸಾಧಾರಣ ಸ್ಪೀಕರು ಒಂದಿದ್ದರೆ ಸಾಕು.

ಬೈಲಹೊಂಗಲದ ಆ ಹಿರಿಯರಿಗೆ ನನ್ನ ಉತ್ತರವು ಇಷ್ಟೇ: ಬೇಡವೆನ್ನಬೇಡಿರಿ, ಸುಮ್ಮನೆ ಬಿಟ್ಟೂ ಬಿಡಬೇಡಿರಿ. ವಾರಕ್ಕೊಂದು ಸಂಜೆ ಮಗನ ಕಿವಿಯೊಳಗಿನದನ್ನು ಪಡಸಾಲೆಗೆ ತರಿಸಿರಿ. ಅವನದೊಂದು ಮುದ್ರಿಕೆ, ನಿಮ್ಮದೊಂದು. ಮನೆಯ ಹೆಣ್ಣುಮಕ್ಕಳು ಬೇಡಿದುದೊಂದು. ಅವನದನ್ನು ನೀವು ಕೊನೆಯ ವರೆಗೆ ಕೇಳಿರಿ. ನಿಮ್ಮದನ್ನು ಅವನೂ ಕೊನೆಯ ವರೆಗೆ ಕೇಳಲಿ. ನಡುವೆ ಎದ್ದು ಹೋಗುವಂತಿಲ್ಲ, ಮೂಗು ಮುರಿಯುವಂತಿಲ್ಲ. ಮೊದಲ ಸಂಜೆಗೆ ಶರೀಫರ ಪದಗಳನ್ನೂ ಮನಸೂರರ ವಚನವನ್ನೂ ಇಟ್ಟುಕೊಳ್ಳಿರಿ. ನಮ್ಮ ಮಾವನವರನ್ನು ಆ ದಿನ, “ಇದರಾಗ ಏನೈತ್ರಿ ಮಾವಾ?” ಎಂದು ನಾನು ಒಂದು ಮಾತು ಕೇಳಿದ್ದರೆ, ಅವರು ಒಂದೊಂದೇ ಪ್ಲೇಟನ್ನು ಎತ್ತಿ ಹೇಳುತ್ತಿದ್ದರು. ನಿಮ್ಮ ಮನೆಯಲ್ಲಿ ಆ ಮಾತನ್ನು ಕೇಳುವವರು ಇರಲಿ.