ತಿಳಿಯದೆ ಹೊತ್ತವರ ಕ್ಷಮಾಪಣೆ

ಆಗಸ್ಟ್ ತಿಂಗಳ 6 ಮತ್ತು 9ನೇ ದಿನಾಂಕಗಳು ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಅಣಬೆಯಾಕಾರದ ಆ ಮೋಡದ ಚಿತ್ರ ಅಚ್ಚಾಗುತ್ತದೆ. ಹಿರೋಶಿಮಾ, ನಾಗಾಸಾಕಿ ನಗರಗಳ ಮೇಲೆ ಅಮೆರಿಕವು ಪರಮಾಣು ಬಾಂಬುಗಳನ್ನು ಹಾಕಿ 2025ಕ್ಕೆ 80 ವರ್ಷಗಳು ತುಂಬಿದವು. ಆ ಪ್ರಸಿದ್ಧ ಚಿತ್ರವನ್ನು ತೆಗೆದದ್ದು ವಿಮಾನದಿಂದ. ಬಾಂಬಿನ ಕಥೆಯನ್ನೂ ನಾವು ಬಹುಮಟ್ಟಿಗೆ ಅಷ್ಟೇ ಎತ್ತರದಿಂದ ಕೇಳುತ್ತ ಬಂದಿದ್ದೇವೆ. ವಿಜ್ಞಾನಿಗಳ ಮೇಧಾಶಕ್ತಿ, ಸೇನಾಪತಿಗಳ ನಿರ್ಧಾರ, ರಾಷ್ಟ್ರನಾಯಕರ ಹೇಳಿಕೆ, ಇವುಗಳಲ್ಲೇ ಆ ಕಥೆ ಮುಗಿದುಹೋಗುತ್ತದೆ. ಅದೇ ಕಥೆಯನ್ನು ನೆಲದ ಮೇಲೆ ನಿಂತು ನೋಡಿದರೆ ಬೇರೆಯೇ ಜನ ಕಾಣಿಸುತ್ತಾರೆ. ಅದಿರು ಅಗೆದವರು, ಅದನ್ನು ಬೆನ್ನ ಮೇಲೆ ಹೊತ್ತವರು, ಕಾರ್ಖಾನೆಗಾಗಿ ಹೊಲಮನೆ ಬಿಟ್ಟವರು, ಬೂದಿ ಬಿದ್ದ ನೀರನ್ನು ಕುಡಿದವರು. ಇವರಲ್ಲಿ ಯಾರಿಗೂ ಏನು ನಡೆಯುತ್ತಿದೆಯೆಂದು ಯಾರೂ ಹೇಳಿರಲಿಲ್ಲ.

ಮೊದಲಿಗೆ ವಿಜ್ಞಾನದ ಮಾತು. 1938ರ ಡಿಸೆಂಬರಿನಲ್ಲಿ ಬರ್ಲಿನ್ನಿನ ಪ್ರಯೋಗಾಲಯವೊಂದರಲ್ಲಿ ಒಟ್ಟೊ ಹಾನ್ ಮತ್ತು ಫ್ರಿಟ್ಸ್ ಸ್ಟ್ರಾಸ್‌ಮನ್ ಯುರೇನಿಯಂ ಪರಮಾಣುವಿನ ಬೀಜಕೇಂದ್ರ ಒಡೆಯುವುದರ ಕುರುಹನ್ನು ಕಂಡರು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಸ್ವೀಡನ್ನಿನಲ್ಲಿದ್ದ ಲೀಸ್ ಮೈಟ್ನರ್ ಮತ್ತು ಆಕೆಯ ಸೋದರಳಿಯ ಒಟ್ಟೊ ಫ್ರಿಶ್ ಅದರ ಅರ್ಥವನ್ನು ಬಿಡಿಸಿದರು. ಇಂತಹ ಒಂದು ವಿದಳನ ಮತ್ತೆ ಹಲವನ್ನು ಹುಟ್ಟಿಸಿ ಸರಪಳಿಯಂತೆ ಮುಂದುವರಿದರೆ ಕ್ಷಣಾರ್ಧದಲ್ಲಿ ಅಪಾರ ಶಕ್ತಿ ಹೊರಬೀಳುತ್ತದೆ. ಜರ್ಮನಿಯೇ ಮೊದಲು ಬಾಂಬು ಮಾಡಿಬಿಟ್ಟರೆ ಎಂಬ ಭಯದಿಂದ ಲಿಯೊ ಝಿಲಾರ್ಡ್ ಮುತುವರ್ಜಿ ವಹಿಸಿ ಸಿದ್ಧಪಡಿಸಿದ ಪತ್ರಕ್ಕೆ ಐನ್‌ಸ್ಟೈನ್ ಸಹಿ ಹಾಕಿದರು. 1939ರ ಆಗಸ್ಟ್ 2ರ ದಿನಾಂಕವಿದ್ದ ಆ ಪತ್ರ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ರಿಗೆ ಬರೆದದ್ದು. ಯುರೇನಿಯಂನ ಅತಿ ಮುಖ್ಯ ಆಕರವು ಬೆಲ್ಜಿಯಂ ಆಳ್ವಿಕೆಯ ಕಾಂಗೋ ಎಂಬ ಸಂಗತಿಯೂ ಅದರಲ್ಲಿತ್ತು. ಬಾಂಬಿನ ಮೊದಲ ಮಾತಿನಲ್ಲೇ ಪರಾಧೀನ ನಾಡೊಂದರ ಮಣ್ಣಿನ ಪ್ರಸ್ತಾಪ ಬಂದುದನ್ನು ನಾವು ಗಮನಿಸಬೇಕು.

ಕಾಂಗೋದ ಕಟಾಂಗ ಪ್ರಾಂತದ ಶಿಂಕೊಲೊಬ್ವೆ ಗಣಿಯ ಅದಿರು ಜಗತ್ತಿನಲ್ಲೇ ಅತ್ಯಂತ ಸಾಂದ್ರವಾದುದು. ಮುಂದೆ ಮ್ಯಾನ್‌ಹಟನ್ ಯೋಜನೆ ಎಂದು ಹೆಸರಾದ ಗುಪ್ತ ಕಾರ್ಯಕ್ಕೆ ದೊರೆತ ಯುರೇನಿಯಂನ ಬಹುಪಾಲು ಅಲ್ಲಿಂದಲೇ ಬಂತು. ವಸಾಹತು ಕಂಪನಿಯ ಕೈಕೆಳಗೆ ಅದನ್ನು ಅಗೆದ ಆಫ್ರಿಕನ್ ಕೂಲಿಗಳ ಹೆಸರುಗಳು ಬಾಂಬಿನ ಇತಿಹಾಸಗ್ರಂಥಗಳಲ್ಲಿ ಕಾಣಸಿಗುವುದೇ ಅಪರೂಪ. ಇನ್ನೊಂದು ಪಾಲು ಕೆನಡಾದ ಉತ್ತರದಂಚಿನ ಗ್ರೇಟ್ ಬೇರ್ ಸರೋವರದ ದಡದ ಗಣಿಯಿಂದ ಬಂತು. ಅಲ್ಲಿಯ ಮೂಲನಿವಾಸಿಗಳಾದ ಡೆನೆ ಜನಾಂಗದ ಗಂಡಸರು ಅದಿರಿನ ಚೀಲಗಳನ್ನು ಬೆನ್ನ ಮೇಲೆ ಹೊತ್ತು ದೋಣಿಗಳಿಗೆ ಏರಿಸಿದರು, ಇಳಿಸಿದರು. ಒಂದೊಂದು ಚೀಲ ಸುಮಾರು 45 ಕಿಲೋ ತೂಗುತ್ತಿತ್ತು. ಚೀಲದೊಳಗಿನ ಕಲ್ಲು ಎಂಥದು, ಎಲ್ಲಿಗೆ ಹೋಗುತ್ತದೆ, ಅದರ ಧೂಳಿನಿಂದ ದೇಹಕ್ಕೇನಾದೀತು ಎಂಬುದನ್ನು ಅವರಿಗೆ ತಿಳಿಸಿರಲಿಲ್ಲ.

1942ರಲ್ಲಿ ಯೋಜನೆಯು ಸೈನ್ಯದ ವಶಕ್ಕೆ ಬಂದು, ಜನರಲ್ ಲೆಸ್ಲಿ ಗ್ರೋವ್ಸ್ ಅದರ ಮುಖ್ಯಸ್ಥರಾದರು. ಅಗೆದ ಯುರೇನಿಯಂನಲ್ಲಿ ಬಾಂಬಿಗೆ ಬೇಕಾದ 235ರ ಬಗೆಯದು ನೂರಕ್ಕೆ ಒಂದು ಪಾಲೂ ಇಲ್ಲ; ಸುಮಾರು 0.7 ಮಾತ್ರ. ಅದನ್ನು ಬೇರ್ಪಡಿಸಲು ಅಪಾರ ವಿದ್ಯುತ್ತೂ ದೈತ್ಯ ಕಾರ್ಖಾನೆಗಳೂ ಬೇಕಾದವು. ಅದಕ್ಕಾಗಿ ಆರಿಸಿಕೊಂಡದ್ದು ಟೆನೆಸಿ ರಾಜ್ಯದ ಗುಡ್ಡಸಾಲುಗಳ ನಡುವಿನ ಕಣಿವೆಗಳನ್ನು. ಓಕ್ ರಿಜ್ ಎಂಬ ಗುಪ್ತನಗರ ಎದ್ದದ್ದು ಅಲ್ಲಿ. ಸುಮಾರು 3,000 ಜನ ರೈತಾಪಿಗಳನ್ನು ಒಕ್ಕಲೆಬ್ಬಿಸಲಾಯಿತು. ಕೆಲವರಿಗೆ ಸಿಕ್ಕಿದ ಗಡುವು ಎರಡು ಮೂರು ವಾರಗಳದ್ದು. ಅವರಲ್ಲಿ ಕೆಲವು ಕುಟುಂಬಗಳು ಹಿಂದೊಮ್ಮೆ ನಾರಿಸ್ ಅಣೆಕಟ್ಟಿಗಾಗಿಯೋ, ಗ್ರೇಟ್ ಸ್ಮೋಕಿ ಪರ್ವತಗಳ ರಾಷ್ಟ್ರೀಯ ಉದ್ಯಾನಕ್ಕಾಗಿಯೋ ನೆಲ ಕಳೆದುಕೊಂಡು ಅಲ್ಲಿಗೆ ಬಂದು ನೆಲೆಸಿದ್ದವು. ಆ ನದೀಕಣಿವೆಯ ಅಣೆಕಟ್ಟುಗಳ ವಿದ್ಯುತ್ತೇ ಕಾರ್ಖಾನೆಗೆ ಆ ಸ್ಥಳವನ್ನು ಆರಿಸಲು ಒಂದು ಮುಖ್ಯ ಕಾರಣವಾಯಿತು. ಮೊದಲ ಮುಳುಗಡೆಯು ಎರಡನೆಯ ಎತ್ತಂಗಡಿಗೆ ದಾರಿ ಮಾಡಿಕೊಡುವ ಈ ಪರಿ ನಮ್ಮ ಓದುಗರಿಗೆ ಹೊಸದೇನಲ್ಲ.

ಬಾಂಬಿಗೆ ಇನ್ನೊಂದು ಮಾರ್ಗ ಪ್ಲುಟೋನಿಯಂ. ಅದನ್ನು ಮಾಡಲು ವಾಷಿಂಗ್ಟನ್ ರಾಜ್ಯದ ಕೊಲಂಬಿಯಾ ನದಿಯ ದಡದಲ್ಲಿ ಹ್ಯಾನ್‌ಫರ್ಡ್ ಸ್ಥಾವರ ತಲೆಯೆತ್ತಿತು. 1943ರಲ್ಲಿ ಹ್ಯಾನ್‌ಫರ್ಡ್ ಮತ್ತು ವೈಟ್ ಬ್ಲಫ್ಸ್ ಊರುಗಳ ಸುಮಾರು 1,500 ಜನ ತಮ್ಮ ಹಣ್ಣಿನ ತೋಟಗಳನ್ನು ಬಿಟ್ಟು ಹೊರಟರು. ವಾನಪಂ ಎಂಬ ಮೂಲನಿವಾಸಿಗಳಿಗೆ ತಲೆತಲಾಂತರದ ಮೀನುಗಾರಿಕೆಯ ಜಾಗಗಳು ಕೈತಪ್ಪಿದವು. ಕಾರಣ ಕೇಳಿದವರಿಗೆ ಸಿಕ್ಕಿದ ಉತ್ತರ, ಯುದ್ಧಕ್ಕೆ ಬೇಕಾಗಿದೆ ಎಂಬುದಷ್ಟೇ. ಈ ಕಾರ್ಖಾನೆಗಳಲ್ಲಿ ದುಡಿದ ಸಾವಿರಾರು ಜನರಲ್ಲಿ ತಾವು ಏನನ್ನು ತಯಾರಿಸುತ್ತಿದ್ದೇವೆಂದು ತಿಳಿದಿದ್ದವರು ಬೆರಳೆಣಿಕೆಯವರು. ಸುಮಾರು 200 ಕೋಟಿ ಡಾಲರ್ ಖರ್ಚಾದ ಈ ಯೋಜನೆಯ ವಿವರ ಉಪಾಧ್ಯಕ್ಷರಾಗಿದ್ದ ಟ್ರೂಮನ್‌ರಿಗೂ ತಿಳಿದಿರಲಿಲ್ಲ. 1945ರ ಏಪ್ರಿಲ್ 12ರಂದು ರೂಸ್‌ವೆಲ್ಟ್ ತೀರಿಕೊಂಡು ತಾವೇ ಅಧ್ಯಕ್ಷರಾದ ಮೇಲೆ ಅವರಿಗೆ ಅದರ ಪೂರ್ಣ ಪರಿಚಯವಾಯಿತು. ಅವರ ಕೈಗೆ ಬಂದದ್ದು ಆಗಲೇ ಓಡುತ್ತಿದ್ದ ಬಂಡಿ.

1945ರ ಜುಲೈ 16ರ ಬೆಳಗಿನ ಜಾವ ನ್ಯೂ ಮೆಕ್ಸಿಕೊ ರಾಜ್ಯದ ಮರುಭೂಮಿಯಲ್ಲಿ ಮೊದಲ ಪರೀಕ್ಷೆ ನಡೆಯಿತು. ಸುತ್ತಲಿನ ಹಳ್ಳಿಗಳ ಜನರಿಗೆ ಮುನ್ಸೂಚನೆ ಇರಲಿಲ್ಲ, ಯಾರನ್ನೂ ಸ್ಥಳಾಂತರಿಸಲಿಲ್ಲ. ಮದ್ದುಗುಂಡಿನ ದಾಸ್ತಾನು ಆಕಸ್ಮಿಕವಾಗಿ ಸ್ಫೋಟಿಸಿತು ಎಂದು ಸೇನೆ ಪತ್ರಿಕೆಗಳಿಗೆ ಸುಳ್ಳು ಹೇಳಿತು. ಅಲ್ಲಿನ ಅನೇಕ ಮನೆಗಳಲ್ಲಿ ಮಾಡಿನ ಮೇಲೆ ಬಿದ್ದ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದು ಕುಡಿಯುವ ರೂಢಿಯಿತ್ತು. ಬೂದಿ ಬಿದ್ದದ್ದು ಆ ಮಾಡುಗಳ ಮೇಲೆ, ಹುಲ್ಲುಗಾವಲಿನ ಮೇಲೆ, ಮೇಯುವ ದನಗಳ ಮೇಲೆ. ಪರಮಾಣು ಬಾಂಬಿನ ಮೊದಲ ಬೂದಿ ಬಿದ್ದದ್ದು ಶತ್ರುದೇಶದ ಮೇಲಲ್ಲ, ಸ್ವದೇಶದ ಹಳ್ಳಿಗರ ಮೇಲೆ. ಅವರಿಗೆ ಪರಿಹಾರದ ಕಾನೂನಿನಲ್ಲಿ ಜಾಗ ಸಿಕ್ಕಿದ್ದು 2025ರಲ್ಲಿ.

ಅಷ್ಟರೊಳಗೆ ಜರ್ಮನಿ ಶರಣಾಗಿತ್ತು. ಯೋಜನೆಗೆ ಕಾರಣವಾಗಿದ್ದ ಭಯ ಮುಗಿದಿತ್ತು, ಯೋಜನೆ ನಿಲ್ಲಲಿಲ್ಲ. ಜರ್ಮನಿಯ ಬಳಿ ಬಾಂಬಿಲ್ಲವೆಂದು ಖಚಿತವಾದೊಡನೆ, 1944ರ ಕೊನೆಗೇ ಕೆಲಸ ಬಿಟ್ಟು ಹೊರನಡೆದ ಜೋಸೆಫ್ ರೋಟ್‌ಬ್ಲಾಟ್‌ರಂಥವರು ವಿರಳ. 1945ರ ಜೂನಿನಲ್ಲಿ ಜೇಮ್ಸ್ ಫ್ರಾಂಕ್ ನೇತೃತ್ವದ ವಿಜ್ಞಾನಿಗಳ ಸಮಿತಿಯೊಂದು, ನಿರ್ಜನ ಪ್ರದೇಶದಲ್ಲಿ ಬಾಂಬಿನ ಪ್ರಾತ್ಯಕ್ಷಿಕೆ ನಡೆಸಿ ತೋರಿಸಬಹುದೆಂದು ವರದಿ ನೀಡಿತು. ಜುಲೈನಲ್ಲಿ ಝಿಲಾರ್ಡ್ ಬರೆದ ಮನವಿಗೆ 70 ಜನ ಸಹಿ ಹಾಕಿದರು. ಅದು ಅಧ್ಯಕ್ಷರ ಕೈ ಸೇರಲಿಲ್ಲ. ಇತ್ತ ಗುರಿ ಆರಿಸುವ ಸಮಿತಿಯು ಅದುವರೆಗೆ ಬಾಂಬುದಾಳಿಗೆ ಹೆಚ್ಚು ತುತ್ತಾಗದ ನಗರಗಳನ್ನು ಹುಡುಕಿ, ಹೊಸ ಅಸ್ತ್ರದ ಪರಿಣಾಮವನ್ನು ಸ್ಪಷ್ಟವಾಗಿ ಅಳೆಯಲೆಂದು ಅವುಗಳನ್ನು ಕಾದಿರಿಸಿತ್ತು.

ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಹಿರೋಶಿಮಾದ ಮೇಲೆ, ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಯುರೇನಿಯಂ ಬಾಂಬು ಸ್ಫೋಟಿಸಿತು. ಅದರಲ್ಲಿದ್ದ ಸುಮಾರು 64 ಕಿಲೋ ಯುರೇನಿಯಂನಲ್ಲಿ ವಿದಳನಗೊಂಡದ್ದು ಸುಮಾರು 1 ಕಿಲೋ. ಅಷ್ಟರಿಂದಲೇ 15,000 ಟನ್ ಸಿಡಿಮದ್ದಿನಷ್ಟು ಶಕ್ತಿ ಹೊರಬಿತ್ತು. ಆ ವರ್ಷದ ಕೊನೆಯೊಳಗೆ ಸತ್ತವರ ಸಂಖ್ಯೆ ಸುಮಾರು 1,40,000. ಹಿರೋಶಿಮಾದಲ್ಲಿ ಸೇನೆಯ ಮುಖ್ಯ ಕಚೇರಿಯಿದ್ದುದು ನಿಜ. ಆದರೆ ಸತ್ತವರಲ್ಲಿ ಬಹುಪಾಲು ನಾಗರಿಕರು. ದುಡಿಮೆಗೆಂದು ಕರೆತಂದಿದ್ದ ಕೊರಿಯನ್ನರೂ ಸಾವಿರಾರು ಮಂದಿ ಇದ್ದರು. ನಮ್ಮ ವಿದ್ಯಾರ್ಥಿ ಓದುಗರು ಒಂದು ಸಂಗತಿಯನ್ನು ವಿಶೇಷವಾಗಿ ತಿಳಿಯಬೇಕು. ಬೆಂಕಿ ಹರಡದಂತೆ ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಆ ದಿನ ಶಾಲಾ ಮಕ್ಕಳನ್ನು ಹಚ್ಚಿದ್ದರು. ಹನ್ನೆರಡು ಹದಿಮೂರರ ಪ್ರಾಯದ ಆ ಮಕ್ಕಳು ತೆರೆದ ಬಯಲಿನಲ್ಲಿ, ಬಿಸಿಲಿನಲ್ಲಿ ನಿಂತಿದ್ದರು. ಅವರಲ್ಲಿ 6,000ಕ್ಕೂ ಹೆಚ್ಚು ಮಂದಿ ಮನೆಗೆ ಮರಳಲಿಲ್ಲ.

ಮೂರು ದಿನಗಳ ನಂತರ ಪ್ಲುಟೋನಿಯಂ ಬಾಂಬು ಹೊತ್ತ ವಿಮಾನ ಹೊರಟದ್ದು ಕೊಕುರಾ ನಗರದ ಕಡೆಗೆ. ಅಲ್ಲಿ ಮೋಡ ಮತ್ತು ಹೊಗೆ ಕವಿದು ಗುರಿ ಕಾಣದೆ ಹೋದುದರಿಂದ ಅದು ನಾಗಾಸಾಕಿಗೆ ತಿರುಗಿತು. ಬಾಂಬು ಬಿದ್ದದ್ದು ಗುಡ್ಡಗಳ ನಡುವಣ ಉರಾಕಾಮಿ ಕಣಿವೆಯ ಮೇಲೆ. ಗುಡ್ಡದ ಮರೆಯಲ್ಲಿದ್ದ ಊರಿನ ಭಾಗಗಳು ಕೆಲಮಟ್ಟಿಗೆ ಉಳಿದವು, ಕಣಿವೆಯಲ್ಲಿದ್ದುದೆಲ್ಲ ನಾಶವಾಯಿತು. ವರ್ಷಾಂತ್ಯದೊಳಗೆ ಸತ್ತವರು 70,000ಕ್ಕೂ ಹೆಚ್ಚು.

ಬಾಂಬು ಹಾಕದಿದ್ದರೆ ಯುದ್ಧ ಮುಂದುವರಿದು ಇನ್ನೂ ಲಕ್ಷಾಂತರ ಜನ ಸಾಯುತ್ತಿದ್ದರೆಂಬ ವಾದವಿದೆ. ಅದನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಜಪಾನಿನ ಸೈನ್ಯಶಾಹಿಯು ಚೀನಾ, ಕೊರಿಯಾ ಮೊದಲಾದ ನಾಡುಗಳಲ್ಲಿ ನಡೆಸಿದ ಕ್ರೌರ್ಯಕ್ಕೆ ಲೆಕ್ಕವಿಲ್ಲ. ಅದರ ನಾಯಕರು ಶರಣಾಗತಿಗೆ ಸುಲಭವಾಗಿ ಒಪ್ಪುವವರಾಗಿರಲಿಲ್ಲ. ಇತ್ತ ಆಗಸ್ಟ್ 8ರಂದು ಸೋವಿಯತ್ ಒಕ್ಕೂಟ ಜಪಾನಿನ ಮೇಲೆ ಯುದ್ಧ ಸಾರಿದ್ದೂ ಶರಣಾಗತಿಗೆ ಮುಖ್ಯ ಕಾರಣವೆನ್ನುವ ಇತಿಹಾಸಕಾರರಿದ್ದಾರೆ. ಬಾಂಬುಗಳಿಲ್ಲದೆಯೂ 1945ರ ಅಂತ್ಯದೊಳಗೆ ಜಪಾನ್ ಸೋಲೊಪ್ಪುತ್ತಿತ್ತೆಂದು ಅಮೆರಿಕ ಸರ್ಕಾರದ್ದೇ ಸಮೀಕ್ಷೆಯೊಂದು 1946ರಲ್ಲಿ ಅಭಿಪ್ರಾಯಪಟ್ಟಿತು. ಈ ವಾದ ಇನ್ನೂ ಮುಗಿದಿಲ್ಲ. ನಮ್ಮ ಪ್ರಶ್ನೆ ಬೇರೆ: ಇಂತಹ ನಿರ್ಧಾರ ಕೈಗೊಳ್ಳುವಾಗ ಮುಚ್ಚಿದ ಕೋಣೆಯೊಳಗೆ ಯಾರಿದ್ದರು, ಹೊರಗೆ ಯಾರಿದ್ದರು?

ಬಾಂಬಿಗೆ ಮೊದಲು ಗುಟ್ಟು, ಬಾಂಬಿನ ನಂತರ ನಿರ್ಬಂಧ. ಜಪಾನನ್ನು ವಶಪಡಿಸಿಕೊಂಡ ಸೇನಾಡಳಿತವು 1945ರ ಸೆಪ್ಟೆಂಬರಿನಿಂದಲೇ ಅಲ್ಲಿನ ಪತ್ರಿಕೆಗಳ ಬಾಯಿ ಕಟ್ಟಿತು. ವಿಕಿರಣದ ಕಾಯಿಲೆಗಳನ್ನು ಕುರಿತು ಮುಕ್ತವಾಗಿ ಬರೆಯಲು ವರ್ಷಗಳೇ ಬೇಕಾದವು. ಬದುಕುಳಿದವರಿಗೆ, ಅಂದರೆ ಹಿಬಾಕುಶಾ ಎಂದು ಕರೆಯಲಾಗುವವರಿಗೆ, ವೈದ್ಯಕೀಯ ನೆರವಿನ ಕಾನೂನು ಬಂದದ್ದು 1957ರಲ್ಲಿ. ಅದೂ ಎಲ್ಲರಿಗಲ್ಲ. ಸ್ಫೋಟದ ದಿನ ಹಿರೋಶಿಮಾದ ವಾಯವ್ಯ ದಿಕ್ಕಿನ ಗುಡ್ಡಗಾಡಿನ ಹಳ್ಳಿಗಳ ಮೇಲೆ ಮಸಿಬೆರೆತ ಕಪ್ಪು ಮಳೆ ಸುರಿದಿತ್ತು. ಜನ ಆ ನೀರು ಬೆರೆತ ಹಳ್ಳದ ನೀರು ಕುಡಿದರು, ಆ ಮಳೆಗೆ ನೆನೆದ ತರಕಾರಿ ತಿಂದರು. ಸರ್ಕಾರವು ನಕಾಶೆಯ ಮೇಲೆ ಗೆರೆ ಎಳೆದು, ಗೆರೆಯ ಹೊರಗಿನವರು ಸಂತ್ರಸ್ತರಲ್ಲ ಎಂದಿತು. ಅಂಥ 84 ಜನರನ್ನು ಹಿಬಾಕುಶಾ ಎಂದು ಮಾನ್ಯ ಮಾಡಬೇಕೆಂದು ಹಿರೋಶಿಮಾದ ಉಚ್ಚ ನ್ಯಾಯಾಲಯ ತೀರ್ಪು ನೀಡಿದ್ದು 2021ರಲ್ಲಿ, ಮಳೆ ಸುರಿದ 76 ವರ್ಷಗಳ ನಂತರ. ಹ್ಯಾನ್‌ಫರ್ಡ್‌ನಲ್ಲಿ ಪ್ಲುಟೋನಿಯಂ ತಯಾರಿಕೆ ನಿಂತು ದಶಕಗಳೇ ಕಳೆದರೂ 177 ನೆಲದಡಿಯ ತೊಟ್ಟಿಗಳಲ್ಲಿ ಕೋಟ್ಯಂತರ ಲೀಟರ್ ವಿಕಿರಣಶೀಲ ತ್ಯಾಜ್ಯ ಉಳಿದಿದೆ. ಯುದ್ಧ 1945ರಲ್ಲಿ ಮುಗಿಯಿತೆಂದು ನೆಲಕ್ಕೆ ಗೊತ್ತಿಲ್ಲ.

ಅದಿರಿನ ಚೀಲ ಹೊತ್ತ ಡೆನೆ ಜನರ ಕಥೆಗೆ ಮರಳೋಣ. ಕಾಲಾನಂತರದಲ್ಲಿ ಅವರ ಡೆಲಿನೆ ಎಂಬ ಊರಿನಲ್ಲಿ ಚೀಲ ಹೊತ್ತಿದ್ದವರನೇಕರು ಕ್ಯಾನ್ಸರಿನಿಂದ ಸತ್ತರೆಂದು ಜನ ಹೇಳತೊಡಗಿದರು. ಊರಿಗೆ ವಿಧವೆಯರ ಹಳ್ಳಿ ಎಂಬ ಹೆಸರೇ ಬಂತು. ಯಾರ ಕಾಯಿಲೆಗೆ ಅದಿರೇ ಕಾರಣವೆಂದು ಖಚಿತವಾಗಿ ಹೇಳಲಾಗದೆಂದು 2005ರ ವರದಿ ತಿಳಿಸಿತು. ಆದರೆ ತಾವು ಹೊತ್ತ ಕಲ್ಲು ಯಾವ ಕೆಲಸಕ್ಕೆ ಹೋಯಿತೆಂಬುದನ್ನು ಅರಿತ ಆ ಜನ 1998ರ ಆಗಸ್ಟಿನಲ್ಲಿ ತಮ್ಮ ಪ್ರತಿನಿಧಿಗಳನ್ನು ಹಿರೋಶಿಮಾಕ್ಕೆ ಕಳುಹಿಸಿ, ಬದುಕುಳಿದವರ ಮುಂದೆ ನಿಂತು ವಿಷಾದ ವ್ಯಕ್ತಪಡಿಸಿದರು. ಹದಿನೆಂಟು ವರ್ಷಗಳ ನಂತರ, 2016ರ ಮೇ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ ಅದೇ ಊರಿಗೆ ಹೋಗಿ ಮೃತರಿಗೆ ಗೌರವ ಸಲ್ಲಿಸಿದರು, ಕ್ಷಮೆ ಕೇಳಲಿಲ್ಲ. ಎಲ್ಲರಿಗಿಂತ ಕಡಿಮೆ ತಿಳಿದಿದ್ದವರು ಎಲ್ಲರಿಗಿಂತ ಹೆಚ್ಚು ಹೊಣೆ ಹೊತ್ತರು.

ನಮ್ಮ ದೇಶವೂ 1974 ಮತ್ತು 1998ರಲ್ಲಿ ಪೋಖರಣ್‌ನಲ್ಲಿ ಪರೀಕ್ಷೆಗಳನ್ನು ನಡೆಸಿ ಅಣ್ವಸ್ತ್ರ ರಾಷ್ಟ್ರಗಳ ಸಾಲಿನಲ್ಲಿ ನಿಂತಿದೆ. ನಮ್ಮ ಘಟ್ಟದ ಕಾಳಿ ನದಿಯ ದಡದ ಕೈಗಾದಲ್ಲಿ 2000ದಿಂದ ಪರಮಾಣು ವಿದ್ಯುತ್ ಉತ್ಪಾದನೆಯಾಗುತ್ತಿದೆ. ವಿದ್ಯುತ್ ಸ್ಥಾವರ ಬೇರೆ, ಬಾಂಬು ಬೇರೆ. ಎರಡನ್ನೂ ಒಂದೇ ಎಂದು ಹೇಳಿ ಭಯ ಹುಟ್ಟಿಸುವುದು ಪ್ರಾಮಾಣಿಕವಲ್ಲ. ಆದರೆ ಬಾಂಬಿನ ಚರಿತ್ರೆಯಿಂದ ಬೆಟ್ಟದ ಜನ ಕಲಿಯಬೇಕಾದ ಪಾಠವೊಂದಿದೆ. ದೇಶದ ಹಿತಕ್ಕೆಂಬ ಮಾತನ್ನು ಮುಂದಿಟ್ಟು ಯಾರಾದರೂ ನಮ್ಮ ನೆಲ, ನೀರು, ದುಡಿಮೆಗಳನ್ನು ಕೇಳಿದಾಗ, ಅದು ಏತಕ್ಕೆ, ಅದರಿಂದ ಯಾರಿಗೇನಾದೀತು, ಅದರ ಕಸ ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು ದೇಶದ್ರೋಹವಲ್ಲ. ಆ ಪ್ರಶ್ನೆಗಳನ್ನು ಕೇಳಲು ಅವಕಾಶವಿದ್ದಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೆಂದು ಇಂದು ಹೇಳಲಾಗದು. ಅವಕಾಶವಿಲ್ಲದೆ ಏನಾಯಿತೆಂಬುದು ನಮ್ಮ ಕಣ್ಣೆದುರಿಗಿದೆ.

ಜಗತ್ತು ಪೂರ್ತಿ ಕಿವುಡಾಗಿಲ್ಲ. ಅಣ್ವಸ್ತ್ರಗಳನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ 2017ರಲ್ಲಿ ಅಂಗೀಕಾರವಾಗಿ 2021ರ ಜನವರಿ 22ರಂದು ಜಾರಿಗೆ ಬಂತು. ಅಣ್ವಸ್ತ್ರವುಳ್ಳ ಯಾವ ದೇಶವೂ ಅದಕ್ಕೆ ಸೇರಿಲ್ಲ. ಬಾಂಬಿಗೆ ತುತ್ತಾದ ಜಪಾನೂ ಸೇರಿಲ್ಲ. ಹಿಬಾಕುಶಾಗಳ ಸಂಘಟನೆಯಾದ ನಿಹೋನ್ ಹಿದಾನ್‌ಕ್ಯೋಗೆ 2024ರ ನೊಬೆಲ್ ಶಾಂತಿ ಪುರಸ್ಕಾರ ಸಂದಿತು. ಕಣ್ಣಾರೆ ಕಂಡವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರು ಹೇಳಿದ್ದನ್ನು ನೆನಪಿಟ್ಟು ಮುಂದಿನವರಿಗೆ ದಾಟಿಸುವ ಹೊಣೆ ಎಳೆಯರದು.

ಆದುದರಿಂದ ನಮ್ಮ ಶಾಲಾ ಕಾಲೇಜುಗಳ ಅಧ್ಯಾಪಕರಲ್ಲೂ ವಿದ್ಯಾರ್ಥಿಗಳಲ್ಲೂ ಒಂದು ವಿನಂತಿ. ಬರುವ ಆಗಸ್ಟ್ 6ರಂದು ಬೆಳಗಿನ ಪ್ರಾರ್ಥನೆಯ ನಂತರ ಹಿರೋಶಿಮಾದ ಶಾಲಾ ಮಕ್ಕಳನ್ನು ಒಂದು ನಿಮಿಷ ಮೌನವಾಗಿ ನೆನೆಯಿರಿ. ಆನಂತರ ಭೂಪಟ ಬಿಡಿಸಿ ಶಿಂಕೊಲೊಬ್ವೆ, ಗ್ರೇಟ್ ಬೇರ್ ಸರೋವರ, ಓಕ್ ರಿಜ್, ಹ್ಯಾನ್‌ಫರ್ಡ್‌ಗಳನ್ನು ಗುರುತಿಸಿ, ಅಲ್ಲಿಂದ ಹಿರೋಶಿಮಾ, ನಾಗಾಸಾಕಿಗಳವರೆಗೆ ಗೆರೆ ಎಳೆಯಿರಿ. ಆ ಒಂದೊಂದು ಜಾಗದ ಜನರಿಗೆ ಯಾರು ಏನನ್ನು ಹೇಳಬೇಕಾಗಿತ್ತು ಎಂದು ಚರ್ಚಿಸಿರಿ. ಸಂಜೆ ಮನೆಗೆ ಹೋಗಿ ಹಿರಿಯರಿಗೂ ಅದನ್ನು ಹೇಳಿರಿ.